ಪೌರತ್ವ ಕಿತ್ತುಕೊಂಡರೆ ಮೊಕದ್ದಮೆ ಎಲ್ಲಿ ನಡೆಯಬೇಕು?

ಕೊಚ್ಚಿಯ ಎನ್‌ಐಎ (ರಾಷ್ಟ್ರೀಯ ತನಿಖಾ ದಳ) ವಿಶೇಷ ನ್ಯಾಯಾಲಯ 2020ರ ಸೆಪ್ಟೆಂಬರ್‌ನಲ್ಲಿ ಕೇರಳದ ತೊಡುಪುಳದ ಒಬ್ಬನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅವನು 2015ರಲ್ಲಿ ವಿಸಿಟ್ ವೀಸಾ ಹಿಡಿದು ಚೆನ್ನೈನಿಂದ ಇಸ್ತಾಂಬುಲ್‌ಗೆ ಹೋಗಿ, ಗಡಿ ದಾಟಿ, ಇರಾಕಿನ ಮೊಸುಲ್‌ನಲ್ಲಿ ಐಸಿಸ್ ಉಗ್ರ ಸಂಘಟನೆಯ ಪರವಾಗಿ ಬಂದೂಕು ಹಿಡಿದಿದ್ದ. ಕೆಲವೇ ತಿಂಗಳಲ್ಲಿ ಬಿಟ್ಟುಬರಲು ಹೊರಟು, ಅವರದೇ ಸೆರೆಮನೆಯ ರುಚಿಯನ್ನೂ ಕಂಡು, ಕೊನೆಗೆ ಇಸ್ತಾಂಬುಲ್‌ನ ಭಾರತೀಯ ಕಾನ್ಸುಲೇಟ್ ನೆರವಿನಿಂದ ಊರು ಸೇರಿದ್ದ. ವರ್ಷದ ಮೇಲೆ, 2016ರ ಅಕ್ಟೋಬರ್‌ನಲ್ಲಿ, ತಿರುನೆಲ್ವೇಲಿ ಜಿಲ್ಲೆಯಲ್ಲಿ ಎನ್‌ಐಎ ಅವನನ್ನು ಬಂಧಿಸಿತು. ಹೊರದೇಶದ ರಣರಂಗದಲ್ಲಿ ಮಾಡಿದ ಕೃತ್ಯಕ್ಕೆ ಭಾರತದ ನ್ಯಾಯಾಧೀಶರು ಸಾಕ್ಷಿ ಕೇಳಿ, ಪಾಟೀಸವಾಲು ನಡೆಸಿ, ತೀರ್ಪು ಬರೆದರು. ಇಷ್ಟೆಲ್ಲ ಆಗಿದ್ದು ಅವನು ಮರಳಿ ಬಂದಿದ್ದರಿಂದ.

ಇದಕ್ಕೆ ವಿರುದ್ಧವಾದ ದಾರಿಯನ್ನು ಬ್ರಿಟನ್ 2019ರ ಫೆಬ್ರುವರಿಯಲ್ಲಿ ಹಿಡಿಯಿತು. ಶಮೀಮಾ ಬೇಗಂ ಹದಿನೈದನೇ ವಯಸ್ಸಿನಲ್ಲಿ, 2015ರಲ್ಲಿ, ಪೂರ್ವ ಲಂಡನ್‌ನ ಶಾಲೆಯಿಂದ ಇಬ್ಬರು ಗೆಳತಿಯರ ಜೊತೆ ಐಸಿಸ್ ಸೇರಲು ಸಿರಿಯಾಕ್ಕೆ ಹೋದವಳು. ನಾಲ್ಕು ವರ್ಷದ ನಂತರ ಸಿರಿಯಾದ ಅಲ್ ಹೋಲ್ ನಿರಾಶ್ರಿತರ ಶಿಬಿರದಲ್ಲಿ, ತುಂಬು ಗರ್ಭಿಣಿಯಾಗಿ, ಪತ್ರಕರ್ತರೊಬ್ಬರ ಕಣ್ಣಿಗೆ ಬಿದ್ದಳು. ಕೆಲವೇ ದಿನಗಳಲ್ಲಿ ಗೃಹ ಸಚಿವ ಸಾಜಿದ್ ಜಾವಿದ್ ಅವಳ ಪೌರತ್ವ ರದ್ದು ಮಾಡಿದರು. ಆ ಹೊತ್ತಿಗೆ ಹುಟ್ಟಿದ ಮಗು ಮಾರ್ಚ್‌ನಲ್ಲಿ ತೀರಿಕೊಂಡಿತು. ಅವಳ ಮೇಲೆ ಬ್ರಿಟನ್ನಿನ ಯಾವ ಕ್ರಿಮಿನಲ್ ನ್ಯಾಯಾಲಯದಲ್ಲೂ ದೋಷಾರೋಪ ಪಟ್ಟಿ ಓದಿಲ್ಲ. ಅವಳು ಅಲ್ಲಿ ಏನು ಮಾಡಿದಳು, ಯಾರಿಗೆ ನೆರವಾದಳು, ಎಷ್ಟರಮಟ್ಟಿಗೆ ಸ್ವಂತ ಇಚ್ಛೆಯಿಂದ ಎಂಬ ಪ್ರಶ್ನೆಗಳಿಗೆ ಪ್ರಮಾಣ ಮಾಡಿಸಿ ಉತ್ತರ ಪಡೆದವರಿಲ್ಲ.

ಪೌರತ್ವ ಕಿತ್ತುಕೊಳ್ಳುವುದು ಶಿಕ್ಷೆಯಂತೆ ಕಾಣುತ್ತದೆ. ವಾಸ್ತವದಲ್ಲಿ ಅದರಿಂದ ಆಗುವುದು ಆರೋಪಿಯನ್ನು ತನ್ನ ಎಲ್ಲೆಯಾಚೆ ನೂಕುವ ಕೆಲಸ ಮಾತ್ರ. ಅಪರಾಧ ಅಲ್ಲೇ ಉಳಿಯುತ್ತದೆ, ಸಂತ್ರಸ್ತರೂ ಅಲ್ಲೇ ಉಳಿಯುತ್ತಾರೆ.

ಬ್ರಿಟನ್ನಿನ ಆ ಆದೇಶ ಹೇಗೆ ಸಾಧ್ಯವಾಯಿತು ಎನ್ನುವುದನ್ನು ಹತ್ತಿರದಿಂದ ನೋಡಬೇಕು. ಅಲ್ಲಿನ 1981ರ ರಾಷ್ಟ್ರೀಯತಾ ಕಾಯ್ದೆಯ ಸೆಕ್ಷನ್ 40 ಪ್ರಕಾರ, 'ಸಾರ್ವಜನಿಕ ಹಿತಕ್ಕೆ ಅನುಕೂಲ' ಎಂದು ಸಚಿವರಿಗೆ ಮನವರಿಕೆಯಾದರೆ ಪೌರತ್ವ ರದ್ದು ಮಾಡಬಹುದು. ಆದರೆ ಹುಟ್ಟಿನಿಂದ ಬ್ರಿಟಿಷಳಾದವಳನ್ನು ಯಾವ ದೇಶಕ್ಕೂ ಸೇರದವಳನ್ನಾಗಿ ಮಾಡುವಂತಿಲ್ಲ. ಶಮೀಮಾ ಬ್ರಿಟನ್ನಿನಲ್ಲೇ ಹುಟ್ಟಿದವಳು, ಬಾಂಗ್ಲಾದೇಶದ ಪಾಸ್‌ಪೋರ್ಟ್ ಯಾವತ್ತೂ ಹಿಡಿದವಳಲ್ಲ. ಸರ್ಕಾರದ ವಕೀಲರು ಬಾಂಗ್ಲಾದೇಶದ 1951ರ ಪೌರತ್ವ ಕಾಯ್ದೆ ತೆರೆದರು. ತಂದೆತಾಯಿ ಬಾಂಗ್ಲಾದೇಶದವರಾದರೆ ಹೊರಗೆ ಹುಟ್ಟಿದ ಮಗುವಿಗೂ ವಂಶದ ಮೂಲಕ ಪೌರತ್ವ ಇರುತ್ತದೆ. ಎರಡು ಪೌರತ್ವ ಇರುವವರು 21 ವರ್ಷಕ್ಕೆ ಒಂದನ್ನು ಆರಿಸಿಕೊಳ್ಳದಿದ್ದರೆ ಬಾಂಗ್ಲಾದೇಶದ್ದು ಹೋಗುತ್ತದೆ. ಆದೇಶದ ದಿನ ಅವಳಿಗೆ 19 ವರ್ಷ. ಹಾಗಾಗಿ ಕಾಗದದ ಮೇಲೆ ಅವಳು ಅಂದು ಬಾಂಗ್ಲಾದೇಶದವಳು! ಇನ್ನೆರಡು ವರ್ಷ ತಡವಾಗಿದ್ದರೆ ಈ ಲೆಕ್ಕ ಕೂಡುತ್ತಲೇ ಇರಲಿಲ್ಲ. ಬಾಂಗ್ಲಾದೇಶ ಸರ್ಕಾರ ಅವಳು ತಮ್ಮವಳಲ್ಲ, ಒಳಗೆ ಬಿಡುವುದಿಲ್ಲ ಎಂದು ಬಹಿರಂಗವಾಗಿ ಹೇಳಿತು. ಆದರೆ ಬ್ರಿಟಿಷ್ ನ್ಯಾಯಮಂಡಳಿ ನೋಡಿದ್ದು ಆದೇಶದ ದಿನ ಕಾನೂನಿನ ಅಕ್ಷರ ಏನಿತ್ತು ಎಂಬುದನ್ನಷ್ಟೇ.

ಮುಂದಿನ ಐದು ವರ್ಷ ವ್ಯಾಜ್ಯ ನಡೆದಿದ್ದು ಆದೇಶ ಸರಿಯೋ ತಪ್ಪೋ ಎಂಬ ಬಗ್ಗೆ. ಮೇಲ್ಮನವಿಗಾಗಿಯಾದರೂ ಅವಳನ್ನು ಒಳಗೆ ಬಿಡಿ ಎಂದು ಮೇಲ್ಮನವಿ ನ್ಯಾಯಾಲಯ 2020ರಲ್ಲಿ ಹೇಳಿದ್ದನ್ನು 2021ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಲೈಂಗಿಕ ಶೋಷಣೆಗಾಗಿ ಅವಳನ್ನು ಸಾಗಿಸಲಾಗಿತ್ತು ಎಂದು ಶಂಕಿಸಲು ನಂಬಲರ್ಹ ಕಾರಣವಿದೆ ಎಂದು 2023ರಲ್ಲಿ ವಿಶೇಷ ನ್ಯಾಯಮಂಡಳಿಯೇ ಒಪ್ಪಿತು. ಒಪ್ಪಿಯೂ ಮನವಿ ವಜಾ ಮಾಡಿತು, ಏಕೆಂದರೆ ರಾಷ್ಟ್ರೀಯ ಭದ್ರತೆಯ ತೂಕ ನೋಡುವುದು ಸಚಿವರ ಕೆಲಸ, ನ್ಯಾಯಾಲಯದ್ದಲ್ಲ. 2024ರ ಫೆಬ್ರುವರಿಯಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಇದೇ ಐದು ವರ್ಷದಲ್ಲಿ ಒಂದು ಕ್ರಿಮಿನಲ್ ವಿಚಾರಣೆ ಮುಗಿದು, ತಪ್ಪಿತಸ್ಥಳಾಗಿದ್ದರೆ ಶಿಕ್ಷೆಯ ಒಂದು ಭಾಗವೂ ಕಳೆದಿರುತ್ತಿತ್ತು.

ಒಂದು ದೇಶ ಕೈತೊಳೆದುಕೊಂಡರೆ ಹೊರೆ ಇನ್ನೊಂದರ ಹೆಗಲೇರುತ್ತದೆ. ಆರನೇ ವಯಸ್ಸಿಗೆ ನ್ಯೂಜಿಲೆಂಡ್ ಬಿಟ್ಟು ಆಸ್ಟ್ರೇಲಿಯಾದಲ್ಲೇ ಬೆಳೆದ, ಅಲ್ಲಿಂದಲೇ ಸಿರಿಯಾಕ್ಕೆ ಹೋದ ಮಹಿಳೆಯೊಬ್ಬಳ ಪೌರತ್ವವನ್ನು ಆಸ್ಟ್ರೇಲಿಯಾ ಮೊದಲು ರದ್ದು ಮಾಡಿತು. 2021ರಲ್ಲಿ ಟರ್ಕಿ ಅವಳನ್ನು ಹಿಡಿದಾಗ ಹೊಣೆ ನ್ಯೂಜಿಲೆಂಡಿನ ಮೇಲೆ ಬಿತ್ತು. ಪ್ರಧಾನಿ ಜಸಿಂಡಾ ಆರ್ಡರ್ನ್ ಆಸ್ಟ್ರೇಲಿಯಾದ ಮೇಲೆ ಬಹಿರಂಗವಾಗಿ ಸಿಡಿದರು, ಕೊನೆಗೆ ತಾಯಿಯನ್ನೂ ಮಕ್ಕಳನ್ನೂ ಕರೆಸಿಕೊಂಡರು. ಎರಡೂ ದೇಶದ ಪೌರತ್ವವಿದ್ದ ಜಾಕ್ ಲೆಟ್ಸ್ ಪ್ರಕರಣದಲ್ಲಿ ಬ್ರಿಟನ್ ಕೆನಡಾಕ್ಕೆ ಇದನ್ನೇ ಮಾಡಿತ್ತು. ತನ್ನಲ್ಲಿಂದ ಹೋಗಿ ಐಸಿಸ್ ಸೇರಿದ ನೀಲ್ ಪ್ರಕಾಶ್ ಫಿಜಿಯವನು ಎಂದು ಆಸ್ಟ್ರೇಲಿಯಾ ಹೇಳಿದರೆ, ನಮ್ಮವನಲ್ಲ ಎಂದಿತು ಫಿಜಿ. ಯಾರು ಮೊದಲು ರದ್ದು ಮಾಡುತ್ತಾರೋ ಅವರಿಗೆ ಹೊಣೆಯಿಲ್ಲ, ತಡ ಮಾಡಿದವರಿಗೆ ಆರೋಪಿ ಗಂಟು. ಇನ್ನೊಂದು ಅಸಮಾನತೆಯೂ ಇದರೊಳಗಿದೆ: ಎರಡನೇ ಪೌರತ್ವದ ಎಳೆ ಇರುವುದು ವಲಸೆ ಬಂದವರ ಮಕ್ಕಳಿಗೆ. ಅದೇ ಅಪರಾಧ ಮಾಡಿದ, ಅಜ್ಜ ಮುತ್ತಜ್ಜನ ಕಾಲದಿಂದ ಅಲ್ಲೇ ಇರುವ ಮನೆಯವನಿಗೆ ಜೈಲು, ವಲಸಿಗನ ಮಗನಿಗೆ ಗಡೀಪಾರು.

ಆಸ್ಟ್ರೇಲಿಯಾದ ಹೈಕೋರ್ಟ್ (ಅಲ್ಲಿನ ಸರ್ವೋಚ್ಚ ನ್ಯಾಯಾಲಯ) 2022ರ ಜೂನ್‌ನಲ್ಲಿ ಈ ವಿಷಯದ ಮೂಲಕ್ಕೇ ಕೈ ಹಾಕಿತು. ಅಪರಾಧ ಮಾಡಿದ್ದಾನೆಂದು ತೀರ್ಮಾನಿಸಿ ಪೌರತ್ವ ಕಸಿಯುವುದು ಶಿಕ್ಷೆ, ಶಿಕ್ಷೆ ಕೊಡುವುದು ನ್ಯಾಯಾಂಗದ ಕೆಲಸ, ಸಚಿವರಿಗೆ ಆ ಅಧಿಕಾರ ಕೊಟ್ಟ ಸೆಕ್ಷನ್ ಅಸಿಂಧು ಎಂದಿತು. 2023ರ ಕೊನೆಗೆ ಅಲ್ಲಿನ ಸಂಸತ್ತು ಆ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಟ್ಟು ಹೊಸ ಕಾನೂನು ಮಾಡಬೇಕಾಯಿತು.

ಮೊಕದ್ದಮೆಯ ದಾರಿ ಹಿಡಿದವರೂ ಇದ್ದಾರೆ. ಒತ್ತೆಯಾಳುಗಳು 'ಬೀಟಲ್ಸ್' ಎಂದು ಹೆಸರಿಟ್ಟಿದ್ದ ಲಂಡನ್ನಿನ ಐಸಿಸ್ ಗುಂಪಿನ ಇಬ್ಬರು, ಎಲ್ ಶಫೀ ಎಲ್‌ಶೇಖ್ ಮತ್ತು ಅಲೆಕ್ಸಾಂಡಾ ಕೋಟೆ, ಬ್ರಿಟನ್ನಿನ ಪೌರತ್ವ ಕಳೆದುಕೊಂಡವರು. ಅವರನ್ನು ವಿಚಾರಿಸಿದ್ದು ಅಮೆರಿಕ. ಅದಕ್ಕೆ ಬೇಕಾದ ಸಾಕ್ಷ್ಯ ಬ್ರಿಟಿಷ್ ಪೊಲೀಸರ ಬಳಿಯಿತ್ತು. ಮರಣದಂಡನೆ ಇಲ್ಲವೆಂಬ ಭರವಸೆಯಿಲ್ಲದೆ ಅದನ್ನು ಕಳಿಸಿದ್ದು ಕಾನೂನುಬಾಹಿರ ಎಂದು ಬ್ರಿಟನ್ ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ತಡೆಯಿತು. ಅಮೆರಿಕ ಆಗಸ್ಟ್‌ನಲ್ಲಿ ಭರವಸೆ ಕೊಟ್ಟಿತು, ಅಕ್ಟೋಬರ್‌ನಲ್ಲಿ ಇಬ್ಬರೂ ವರ್ಜೀನಿಯಾದ ನ್ಯಾಯಾಲಯಕ್ಕೆ ಬಂದರು, 2022ರಲ್ಲಿ ಇಬ್ಬರಿಗೂ ಜೀವಾವಧಿ ಶಿಕ್ಷೆಯಾಯಿತು. ಬದುಕುಳಿದ ಒತ್ತೆಯಾಳುಗಳು ಬಂದು ಸಾಕ್ಷಿ ಹೇಳಿದರು, ಸತ್ತವರ ಮನೆಯವರು ಆರೋಪಿಗಳ ಎದುರು ಮಾತಾಡಿದರು. ಸಚಿವರ ಸಹಿಯಿಂದ ಇದು ಸಿಗುವುದಿಲ್ಲ.

ಜರ್ಮನಿ ಇನ್ನೂ ಆಳಕ್ಕೆ ಹೋಯಿತು. 'ಉಗ್ರ ಸಂಘಟನೆಯ ಸದಸ್ಯ' ಎಂಬ ಆರೋಪ ಸಾಬೀತು ಮಾಡಲು ಸುಲಭ, ಆದರೆ ಅದರಲ್ಲಿ ಸಂತ್ರಸ್ತರ ಹೆಸರೇ ಬರುವುದಿಲ್ಲ. ಸದಸ್ಯತ್ವದ ಜೊತೆಗೆ ಯುದ್ಧಾಪರಾಧ, ಮಾನವತೆಯ ವಿರುದ್ಧದ ಅಪರಾಧ, ನರಮೇಧ ಇವನ್ನೂ ಅಲ್ಲಿನ ಪ್ರಾಸಿಕ್ಯೂಟರ್‌ಗಳು ಸೇರಿಸಿದರು. ಗುಲಾಮಳಾಗಿ ಕೊಂಡ ಯಜೀದಿ ಎಂಬ ಅಲ್ಪಸಂಖ್ಯಾತ ಸಮುದಾಯದ ಐದು ವರ್ಷದ ಹುಡುಗಿಯನ್ನು 2015ರಲ್ಲಿ ಇರಾಕಿನ ಫಲ್ಲೂಜಾದಲ್ಲಿ ಸುಡುಬಿಸಿಲಿಗೆ ಕಟ್ಟಿಹಾಕಿ ಸಾಯಿಸಿದ ಐಸಿಸ್ ಸದಸ್ಯನಿಗೆ 2021ರ ನವೆಂಬರ್‌ನಲ್ಲಿ ಫ್ರಾಂಕ್‌ಫರ್ಟ್ ನ್ಯಾಯಾಲಯ ನರಮೇಧದ ಅಪರಾಧಕ್ಕೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅವನು ಇರಾಕಿನವನು, ಕೃತ್ಯ ನಡೆದದ್ದು ಇರಾಕಿನಲ್ಲಿ, ಹುಡುಗಿಯೂ ಅಲ್ಲಿನವಳೇ. ಆದರೂ ಜರ್ಮನಿಯ ಕಾನೂನು ಅದನ್ನು ತನ್ನ ವ್ಯಾಪ್ತಿಗೆ ತೆಗೆದುಕೊಂಡಿತು. ಮುಖ್ಯ ಸಾಕ್ಷಿ ಆ ಹುಡುಗಿಯ ತಾಯಿ.

ಈಗ ಭಾರತದ ವಿಷಯಕ್ಕೆ ಬರೋಣ. ಇಲ್ಲಿ ಹುಟ್ಟಿನಿಂದ ಪೌರರಾದವರ ಪೌರತ್ವ ಕಸಿಯಲು ಕಾನೂನೇ ಇಲ್ಲ. 1955ರ ಪೌರತ್ವ ಕಾಯ್ದೆಯ ಸೆಕ್ಷನ್ 10 ಇರುವುದು ಮುಖ್ಯವಾಗಿ ನೋಂದಣಿಯಿಂದಲೋ ದೇಶೀಕರಣದಿಂದಲೋ ಪೌರತ್ವ ಪಡೆದವರಿಗೆ: ಸುಳ್ಳು ಹೇಳಿ ಪಡೆದರೆ, ಸಂವಿಧಾನಕ್ಕೆ ನಿಷ್ಠೆ ತೋರದಿದ್ದರೆ, ಯುದ್ಧಕಾಲದಲ್ಲಿ ಶತ್ರುವಿಗೆ ನೆರವಾದರೆ ರದ್ದು ಮಾಡಬಹುದು. ಅದಕ್ಕೂ ನೋಟಿಸು ಕೊಡಬೇಕು, ವಿಚಾರಣಾ ಸಮಿತಿಯ ಮುಂದೆ ಹೋಗುವ ಅವಕಾಶ ಇರಬೇಕು. ಸೆಕ್ಷನ್ 9 ಪ್ರಕಾರ ಪೌರತ್ವ ತಾನಾಗಿ ಹೋಗುವುದು ಬೇರೆ ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದಾಗ. ಐಸಿಸ್ ತನ್ನನ್ನು ರಾಜ್ಯವೆಂದು ಕರೆದುಕೊಂಡರೂ ಯಾರೂ ಅದನ್ನು ದೇಶವೆಂದು ಒಪ್ಪಿರಲಿಲ್ಲ, ಆದ್ದರಿಂದ ಅದರ ನಿಷ್ಠೆಯ ಪ್ರಮಾಣವಚನ ಸೆಕ್ಷನ್ 9ಕ್ಕೆ ಸಿಗದು. ಪಾಸ್‌ಪೋರ್ಟ್ ಬೇರೆ ಮಾತು. 1967ರ ಪಾಸ್‌ಪೋರ್ಟ್ ಕಾಯ್ದೆಯ ಸೆಕ್ಷನ್ 10(3) ಅಡಿ ಭದ್ರತೆಯ ಕಾರಣಕ್ಕೆ ಅದನ್ನು ಮುಟ್ಟುಗೋಲು ಹಾಕಬಹುದು. ಪಾಸ್‌ಪೋರ್ಟ್ ಹೋದರೆ ಪೌರತ್ವ ಹೋಗುವುದಿಲ್ಲ, ಆದರೆ ವಿಮಾನ ಹತ್ತಲು ತುರ್ತು ಪ್ರಯಾಣಪತ್ರ ಬೇಕಾಗುತ್ತದೆ. ಅದನ್ನು ಕೊಡುವುದು ರಾಯಭಾರ ಕಚೇರಿ. ಅಲ್ಲಿ ಫೈಲು ಸುಮ್ಮನೆ ಕೂತರೆ ಸಾಕು, ಪೌರತ್ವ ಇದ್ದೂ ಇಲ್ಲದಂತೆ.

ಕಾಸರಗೋಡು, ಪಾಲಕ್ಕಾಡಿನ ಇಪ್ಪತ್ತೊಂದು ಮಂದಿಯ ಪ್ರಕರಣದಲ್ಲಿ ಕಂಡದ್ದು ಇದೇ. ಅವರು 2016ರಲ್ಲಿ ಬೆಂಗಳೂರು, ಹೈದರಾಬಾದ್, ಮುಂಬೈ ವಿಮಾನ ನಿಲ್ದಾಣಗಳಿಂದ ತುಂಡು ತುಂಡಾಗಿ ಕೊಲ್ಲಿ ದೇಶಗಳಿಗೆ ಹಾರಿ, ಇರಾನ್ ಮೂಲಕ ಅಫ್ಘಾನಿಸ್ತಾನದಲ್ಲಿ ಐಸಿಸ್ ನೆಲೆಯಾಗಿದ್ದ ನಂಗರ್‌ಹಾರ್ ಸೇರಿದರು. ಗಂಡಂದಿರು ಸತ್ತ ಮೇಲೆ ಉಳಿದ ನಾಲ್ವರು ಮಹಿಳೆಯರು 2019ರ ಕೊನೆಯಲ್ಲಿ ಅಫ್ಘನ್ ಪಡೆಗಳಿಗೆ ಶರಣಾಗಿ ಮಕ್ಕಳ ಸಮೇತ ಕಾಬೂಲ್ ಜೈಲು ಸೇರಿದರು. ಎನ್‌ಐಎ ಮೊಕದ್ದಮೆ ಮೊದಲೇ ಇತ್ತು. 2016ರಲ್ಲಿ ಸಹಿ ಬಿದ್ದ ಭಾರತ-ಅಫ್ಘಾನಿಸ್ತಾನ ಹಸ್ತಾಂತರ ಒಪ್ಪಂದವೂ ಇತ್ತು. ಕರೆತಂದು ವಿಚಾರಿಸಲು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿತ್ತು. 2021ರ ಆಗಸ್ಟ್‌ನಲ್ಲಿ ತಾಲಿಬಾನ್ ಬಂದು ಜೈಲುಗಳ ಬಾಗಿಲು ತೆರೆಯಿತು. ಅವರಲ್ಲೊಬ್ಬಳ ತಂದೆ ಸುಪ್ರೀಂ ಕೋರ್ಟಿಗೆ ಹೋದಾಗ, ಮಗಳನ್ನು ಕರೆತರಬೇಕೆಂಬ ಮನವಿಯನ್ನು ಎಂಟು ವಾರದಲ್ಲಿ ತೀರ್ಮಾನಿಸಿ ಎಂದು 2022ರ ಜನವರಿಯಲ್ಲಿ ಕೋರ್ಟು ಕೇಂದ್ರಕ್ಕೆ ಹೇಳಿತು. ಆದರೆ ಕೈಗೆ ಸಿಗುವಂತಿದ್ದ ಕಾಲ ಅಷ್ಟರೊಳಗೆ ಜಾರಿಹೋಗಿತ್ತು. ಅವರು ಅಪಾಯಕಾರಿ ಎಂಬುದು ನಿಜವಾದರೆ, ಎನ್‌ಐಎ ಕಸ್ಟಡಿಗಿಂತ ಬಾಗಿಲು ಒಡೆದ ಜೈಲು ಹೇಗೆ ಸುರಕ್ಷಿತವಾಗುತ್ತದೆ?

ಬಂದವರ ಮೇಲೆ ಮೊಕದ್ದಮೆ ಹೇಗೆ ಹೂಡುತ್ತಾರೆ? ಯುಎಪಿಎ (ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆ) ಸೆಕ್ಷನ್ 1(5) ಹೊರದೇಶದಲ್ಲಿರುವ ಭಾರತೀಯ ಪೌರರಿಗೂ ಕಾಯ್ದೆಯನ್ನು ಅನ್ವಯಿಸುತ್ತದೆ. ಅಂದರೆ ಪೌರತ್ವವೇ ಇಲ್ಲಿ ವ್ಯಾಪ್ತಿಯ ಕೊಂಡಿ, ಅದನ್ನು ಕಡಿದುಹಾಕುವುದು ಪ್ರಾಸಿಕ್ಯೂಷನ್‌ಗೇ ನಷ್ಟ. ನಿಷೇಧಿತ ಸಂಘಟನೆಯ ನಂಟಿಗೆ ಸೆಕ್ಷನ್ 38ರಲ್ಲಿ ಹತ್ತು ವರ್ಷದವರೆಗೆ, ಸಂಚಿಗೆ ಸೆಕ್ಷನ್ 18ರಲ್ಲಿ ಐದು ವರ್ಷದಿಂದ ಜೀವಾವಧಿವರೆಗೆ, ಭಯೋತ್ಪಾದಕ ಸಂಘಟನೆಯ ಸದಸ್ಯತ್ವಕ್ಕೆ ಸೆಕ್ಷನ್ 20ರಲ್ಲಿ ಜೀವಾವಧಿವರೆಗೆ ಶಿಕ್ಷೆ ಇದೆ. 2019ರ ತಿದ್ದುಪಡಿ ನಂತರ ಹೊರದೇಶದಲ್ಲಿ ನಡೆದ ಅಪರಾಧದ ತನಿಖೆಗೂ ಕೇಂದ್ರ ಸರ್ಕಾರ ಎನ್‌ಐಎಗೆ ನೇರ ನಿರ್ದೇಶನ ಕೊಡಬಹುದು.

ಕೊಚ್ಚಿ ತೀರ್ಪಿನ ವಿಶೇಷವೆಂದರೆ ಐಪಿಸಿ ಸೆಕ್ಷನ್ 125. ಭಾರತ ಸರ್ಕಾರದೊಡನೆ ಮೈತ್ರಿ ಅಥವಾ ಶಾಂತಿಯಿಂದಿರುವ 'ಏಷ್ಯಾದ ಯಾವುದೇ ಶಕ್ತಿ'ಯ ಸರ್ಕಾರದ ವಿರುದ್ಧ ಯುದ್ಧ ಹೂಡುವುದು ಅಪರಾಧ ಎಂದು 1860ರಿಂದ ಇದ್ದ, ಹೆಚ್ಚುಕಡಿಮೆ ಮರೆತುಹೋಗಿದ್ದ ಸೆಕ್ಷನ್ ಅದು. ಇರಾಕ್ ಏಷ್ಯಾದಲ್ಲಿದೆ, ಭಾರತದ ಮಿತ್ರದೇಶ, ಹಾಗಾಗಿ ಸೆಕ್ಷನ್ ಕೂತಿತು. ಬೆಂಗಳೂರಿನ ಬಾಡಿಗೆ ಕೋಣೆಯಿಂದ 'ಶಾಮಿ ವಿಟ್ನೆಸ್' ಎಂಬ ಐಸಿಸ್ ಪರ ಟ್ವಿಟರ್ ಖಾತೆ ನಡೆಸುತ್ತಿದ್ದವನ ಮೇಲೆ 2014ರ ಡಿಸೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ಹಾಕಿದ್ದೂ ಇದನ್ನೇ, ಯುಎಪಿಎ ಮತ್ತು ಐಟಿ ಕಾಯ್ದೆಯ ಜೊತೆಗೆ. ಆದರೆ ಅದೇ ಐಸಿಸ್ ಪರವಾಗಿ ಒಬ್ಬ ಲಿಬಿಯಾದಲ್ಲಿ ಹೋರಾಡಿದ್ದರೆ? ಲಿಬಿಯಾ ಆಫ್ರಿಕಾದಲ್ಲಿದೆ. ಸೆಕ್ಷನ್ 125 ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಐಪಿಸಿ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 153ರಲ್ಲಿ 'ಏಷ್ಯಾದ' ಎಂಬ ಪದ ಹೋಗಿ 'ಭಾರತದೊಡನೆ ಶಾಂತಿಯಿಂದಿರುವ ಯಾವುದೇ ವಿದೇಶಿ ರಾಜ್ಯ' ಎಂದಾಗಿದೆ. ಒಂದು ತೂತು ಮುಚ್ಚಿತು. ಇನ್ನೊಂದು ಪ್ರಶ್ನೆ ಎದ್ದಿತು: ಇಂದು ಅಫ್ಘಾನಿಸ್ತಾನಕ್ಕೆ ಹೋಗಿ ಐಸಿಸ್ ಪರವಾಗಿ ತಾಲಿಬಾನ್ ವಿರುದ್ಧ ಹೋರಾಡಿದವನು 'ವಿದೇಶಿ ರಾಜ್ಯದ ಸರ್ಕಾರ'ದ ವಿರುದ್ಧ ಯುದ್ಧ ಮಾಡಿದಂತೆಯೇ? ಇಲ್ಲಿ ಯುಎಪಿಎ ಮೇಲೆ ನಿಲ್ಲುವುದೇ ಕ್ಷೇಮ.

ಹೊಸ ಪದಗಳು ಎಷ್ಟು ಅಗಲ ಎಂದರೆ, ಅಕ್ಷರಶಃ ಓದಿದರೆ ರಷ್ಯಾ ಪರವಾಗಿ ಉಕ್ರೇನ್ ವಿರುದ್ಧ ಹೋರಾಡುವ ಭಾರತೀಯನೂ ಅದರೊಳಗೆ ಬರಬಹುದು. ಕಲಬುರಗಿಯ ಯುವಕರೂ ಸೇರಿ ಹಲವರನ್ನು ಸಹಾಯಕರ ಕೆಲಸವೆಂದು ನಂಬಿಸಿ ರಷ್ಯಾದ ಯುದ್ಧರಂಗಕ್ಕೆ ಕಳಿಸಿದ್ದು 2024ರಲ್ಲಿ ಬೆಳಕಿಗೆ ಬಂದಾಗ, ಸಿಬಿಐ ಹಾಕಿದ್ದು ಮಾನವ ಕಳ್ಳಸಾಗಣೆಯ ಮೊಕದ್ದಮೆ, ಅದೂ ಏಜೆಂಟರ ಮೇಲೆ. ಅದು ಸರಿಯಾದ ಕ್ರಮ. ಅವರು ಉಗ್ರರಲ್ಲ, ಇದನ್ನು ಐಸಿಸ್ ಜೊತೆ ತೂಗುವಂತೆಯೂ ಇಲ್ಲ. ಆದರೆ ಮೋಸ, ವಯಸ್ಸು, ಬಲವಂತ ಇವು ಯಾವ ಪ್ರಕರಣದಲ್ಲೂ ಕೇಳಲೇಬೇಕಾದ ಪ್ರಶ್ನೆಗಳು, ಕೇಳುವ ಜಾಗ ನ್ಯಾಯಾಲಯ.

ಸೆಕ್ಷನ್ ಹಾಕಿದ ಮಾತ್ರಕ್ಕೆ ಶಿಕ್ಷೆಯಾಗುವುದಿಲ್ಲ, ಮುಗ್ಗರಿಸುವ ಜಾಗಗಳು ಹಲವು. ಮೊದಲನೆಯದು ಅನುಮತಿ. ಪೌರನೊಬ್ಬ ಹೊರದೇಶದಲ್ಲಿ ಮಾಡಿದ ಅಪರಾಧದ ವಿಚಾರಣೆಗೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು, ಹಿಂದಿನ ದಂಡಪ್ರಕ್ರಿಯಾ ಸಂಹಿತೆ (ಸಿಆರ್‌ಪಿಸಿ) ಸೆಕ್ಷನ್ 188, ಈಗಿನ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಸೆಕ್ಷನ್ 208. ತನಿಖೆಗೆ ಬೇಡ, ವಿಚಾರಣೆಗೆ ಬೇಕು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಬಿಡಿಸಿ ಹೇಳಿದೆ. ಅಪರಾಧದ ಒಂದು ಭಾಗ, ಅಂದರೆ ಸಂಚು, ಟಿಕೆಟ್, ಹಣ, ಭಾರತದಲ್ಲೇ ನಡೆದಿದ್ದರೆ ಅದು ಬೇಡ. ಅದಕ್ಕೇ ಜಾಣ ತನಿಖಾಧಿಕಾರಿ ಕಥೆಯನ್ನು ಮೊಸುಲ್‌ನಿಂದ ಶುರು ಮಾಡದೆ ಊರಿನಿಂದ ಶುರು ಮಾಡುತ್ತಾನೆ. ಯುಎಪಿಎ ಸೆಕ್ಷನ್ 45ರ ಅನುಮತಿ ಬೇರೆ. ಪರಿಶೀಲನಾ ಪ್ರಾಧಿಕಾರಕ್ಕೆ ಏಳು ದಿನ, ಸರ್ಕಾರಕ್ಕೆ ಇನ್ನೇಳು ದಿನ, ಈ ಗಡುವು ಕಡ್ಡಾಯ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಎರಡನೆಯದು, ಜಾಗದ ಸಾಕ್ಷ್ಯ. ಇಮಿಗ್ರೇಷನ್ ಮುದ್ರೆ ಇಸ್ತಾಂಬುಲ್ ಅಥವಾ ಟೆಹರಾನ್‌ವರೆಗೆ ಮಾತ್ರ ಸಾಕ್ಷಿ ಹೇಳುತ್ತದೆ. ಕೊನೆಯ ಹಾದಿ ಕಳ್ಳಸಾಗಣೆದಾರರ ವ್ಯಾನಿನಲ್ಲಿ, ರಾತ್ರಿ, ಮುದ್ರೆಯಿಲ್ಲದೆ. ಆರೋಪಿ ಪೊಲೀಸರ ಮುಂದೆ ಎಲ್ಲ ಹೇಳಿಬಿಟ್ಟರೂ ಅದು ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ಟಾಡಾ, ಪೋಟಾ ಎಂಬ ಹಿಂದಿನ ಉಗ್ರನಿಗ್ರಹ ಕಾಯ್ದೆಗಳಲ್ಲಿದ್ದಂತೆ ಪೊಲೀಸ್ ತಪ್ಪೊಪ್ಪಿಗೆಗೆ ಯುಎಪಿಎಯಲ್ಲಿ ಮಾನ್ಯತೆ ಇಲ್ಲ, ಮ್ಯಾಜಿಸ್ಟ್ರೇಟ್ ಮುಂದೆ ಹೇಳಿದ್ದಷ್ಟೇ ಲೆಕ್ಕ. ರಣರಂಗದಲ್ಲಿ ಸಿಕ್ಕ ಕಾಗದ ಇದ್ದರೆ ಪ್ರಕರಣದ ಬಲವೇ ಬೇರೆ. ಐಸಿಸ್ ಹೊಸಬರಿಂದ 23 ಪ್ರಶ್ನೆಗಳ ನೋಂದಣಿ ನಮೂನೆ ತುಂಬಿಸುತ್ತಿತ್ತು: ತಾಯಿಯ ಹೆಸರು, ರಕ್ತದ ಗುಂಪು, ಶಿಫಾರಸು ಮಾಡಿದವರಾರು, ಹೋರಾಟಗಾರನೋ ಆತ್ಮಾಹುತಿಗೆ ಸಿದ್ಧನೋ. 2016ರಲ್ಲಿ ಅವು ರಾಶಿಗಟ್ಟಲೆ ಹೊರಬಿದ್ದವು, ಜರ್ಮನ್ ತನಿಖೆಗಳಲ್ಲಿ ಬಳಕೆಯಾದವು. 'ಅಡುಗೆ ಮಾಡಿಕೊಂಡಿದ್ದೆ' ಎನ್ನುವವನ ಮುಂದೆ ಅವನದೇ ನಮೂನೆ ಇಟ್ಟರೆ ಮಾತು ಬದಲಾಗುತ್ತದೆ.

ಮೂರನೆಯದು ಫೋನು. ಟೆಲಿಗ್ರಾಂ ಸಂದೇಶದ ಸ್ಕ್ರೀನ್‌ಶಾಟ್ ಪ್ರಿಂಟು ತೆಗೆದು ಹಚ್ಚಿದರೆ ಸಾಲದು. ಆ ಪ್ರತಿ ಯಾವ ಸಾಧನದಿಂದ, ಹೇಗೆ ತೆಗೆದದ್ದೆಂಬ ಪ್ರಮಾಣಪತ್ರ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. ಹೊಸ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ನಮೂನೆಗೆ ಎರಡು ಭಾಗ: ಒಂದನ್ನು ಸಾಧನ ಯಾರ ವಶದಲ್ಲಿತ್ತೋ ಅವರು, ಇನ್ನೊಂದನ್ನು ತಜ್ಞರು ತುಂಬಬೇಕು, ಫೈಲಿನ ಹ್ಯಾಶ್ ಮೌಲ್ಯವನ್ನೂ (ಫೈಲು ಕೊಂಚ ಬದಲಾದರೂ ಬೇರೆಯಾಗುವ ಗುರುತುಸಂಖ್ಯೆ) ಬರೆಯಬೇಕು. ಜಪ್ತಿ ಮಾಡಿದ ದಿನವೇ ಹ್ಯಾಶ್ ತೆಗೆಯದೆ, ಠಾಣೆಯಲ್ಲಿ ಯಾರೋ ಫೋನು ತೆರೆದು ನೋಡಿದರೆ, ಮುಂದೆ ಲ್ಯಾಬಿನ ಮೌಲ್ಯ ತಾಳೆಯಾಗುವುದಿಲ್ಲ. ಪ್ರತಿವಾದಿ ವಕೀಲರು ಹಿಡಿಯುವುದು ಅಲ್ಲೇ.

ಕೊನೆಯದು ಕಾಲ. ಮುಂಬೈ ಬಳಿಯ ಕಲ್ಯಾಣದಿಂದ 2014ರಲ್ಲಿ ಇರಾಕಿಗೆ ಹೋದ ನಾಲ್ವರಲ್ಲಿ ಅದೇ ನವೆಂಬರ್‌ನಲ್ಲಿ ಮರಳಿದವನು ಆರು ವರ್ಷ ಜೈಲಿನಲ್ಲಿದ್ದರೂ ಸಾಕ್ಷಿಗಳ ವಿಚಾರಣೆ ಮುಗಿಯಲಿಲ್ಲ. 2021ರ ಫೆಬ್ರುವರಿಯಲ್ಲಿ ಬಾಂಬೆ ಹೈಕೋರ್ಟ್ ಜಾಮೀನು ಎತ್ತಿಹಿಡಿಯಿತು. ಯುಎಪಿಎ ಜಾಮೀನು ಎಷ್ಟು ಬಿಗಿ ಇದ್ದರೂ, ತ್ವರಿತ ವಿಚಾರಣೆಯ ಹಕ್ಕಿನ ಮುಂದೆ ಅದು ಸಡಿಲವಾಗುತ್ತದೆ.

ಮಕ್ಕಳ ಮಾತು ಉಳಿಯಿತು. ಇಲ್ಲಿ ಹುಟ್ಟಿ, ತಾಯಿಯ ಸೊಂಟದ ಮೇಲೆ ಹೋದ ಮಗು ಪೌರತ್ವ ಕಾಯ್ದೆಯ ಸೆಕ್ಷನ್ 3ರ ಪ್ರಕಾರ ಭಾರತದ ಪೌರ, ಅದರಲ್ಲಿ ಗೊಂದಲವಿಲ್ಲ. ಅಲ್ಲೇ ಹುಟ್ಟಿದ ಮಗುವಿಗೆ ಸೆಕ್ಷನ್ 4: ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ಕಾನ್ಸುಲೇಟ್‌ನಲ್ಲಿ ನೋಂದಾಯಿಸಬೇಕು, ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಘೋಷಿಸಬೇಕು. ವರ್ಷ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ನಂಗರ್‌ಹಾರ್‌ನ ಬೆಟ್ಟದ ಹಳ್ಳಿಯಲ್ಲಿ ಹುಟ್ಟಿದ ಮಗುವಿಗೆ ಜನನ ಪ್ರಮಾಣಪತ್ರ ಕೊಡುವವರಿರಲಿಲ್ಲ. ತಂದೆ ಸತ್ತಿದ್ದಾನೆ, ತಾಯಿ ಜೈಲಿನಲ್ಲಿದ್ದಳು. ಅನುಮತಿ ಕೊಡುವ ಅಧಿಕಾರ ಕಾಯ್ದೆಯಲ್ಲೇ ಇದೆ, ಹೊಸ ಕಾನೂನು ಬೇಕಿಲ್ಲ. ಬೇಕಿರುವುದು ಮಗು ಯಾರದೆಂಬ ಪುರಾವೆ. ಅದಕ್ಕೆ ಬೇಕಾದ ರಕ್ತ ಕೇರಳದಲ್ಲಿರುವ ಅಜ್ಜ ಅಜ್ಜಿಯರ ಮೈಯಲ್ಲಿದೆ. ಅವರಿಗೆ ವಯಸ್ಸಾಗುತ್ತಿದೆ. ಅವರ ಡಿಎನ್‌ಎ ಮಾದರಿಯನ್ನು ನ್ಯಾಯಾಲಯದ ಮೂಲಕ ಈಗಲೇ ತೆಗೆಸಿ ಇಟ್ಟರೆ, ಮಗು ಯಾವ ವರ್ಷ ಯಾವ ಗಡಿಯಲ್ಲಿ ಸಿಕ್ಕರೂ ತಾಳೆ ನೋಡಬಹುದು.